ಹಾಲಿನ ಫಾಸ್ಫಟೇಸ್ ಪರೀಕ್ಷೆಯಲ್ಲಿ ಹಳದಿ ಬಣ್ಣ ದಾರಿ ತಪ್ಪಿದಾಗ: ದೋಷದ ಮೂಲ ಹುಡುಕುವ ಕ್ರಮ

ಪಾಶ್ಚರೀಕರಿಸಿದ ಹಾಲನ್ನು ಪ್ಯಾರಾ-ನೈಟ್ರೋಫೀನೈಲ್ ಫಾಸ್ಫೇಟ್ ದ್ರಾವಣದೊಂದಿಗೆ ಬೆರೆಸಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆ ಇಟ್ಟಾಗ ಹಳದಿ ಬಣ್ಣ ಬಂದರೆ, ಆ ಹಾಲು ಸಾಕಷ್ಟು ಕಾದಿಲ್ಲ ಅಥವಾ ಕಾದ ಹಾಲಿಗೆ ಹಸಿ ಹಾಲು ಸೇರಿದೆ ಎಂದು ತಿಳಿಯಲಾಗುತ್ತದೆ. ಬಣ್ಣ ಬಾರದಿದ್ದರೆ ಹಾಲು ಸರಿಯಾಗಿ ಕಾದಿದೆ ಎಂದು ತಿಳಿಯಲಾಗುತ್ತದೆ. ಪರೀಕ್ಷೆಯ ಸಾರ ಇಷ್ಟೇ. ಆದರೆ ಹಾಲಿಗೆ ಯಾವ ಸಂಬಂಧವೂ ಇಲ್ಲದ ಕಾರಣಗಳಿಂದ ಹಳದಿ ಕಾಣಿಸಿಕೊಳ್ಳುವುದುಂಟು, ಬರಲೇಬೇಕಾಗಿದ್ದ ಹಳದಿ ಬಾರದೆ ಹೋಗುವುದೂ ಉಂಟು. ಈ ಎರಡು ಬಗೆಯ ದೋಷಗಳನ್ನು ಒಂದರಿಂದೊಂದು ಬೇರ್ಪಡಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಡೇರಿ ಪ್ರಯೋಗಾಲಯದವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದರೂ, ಇದೇ ಕಾರಕವನ್ನು ತರಗತಿಯ ಪ್ರಯೋಗಗಳಲ್ಲಿ ಬಳಸುವ ಜೀವರಸಾಯನ ಶಾಸ್ತ್ರದ ವಿದ್ಯಾರ್ಥಿಗಳಿಗೂ ಇದರ ಬಹುಭಾಗ ಅನ್ವಯಿಸುತ್ತದೆ.

ಮೊದಲೇ ಒಂದು ಮಾತು ಹೇಳಬೇಕು. ಈ ಎರಡು ದೋಷಗಳ ತೂಕ ಒಂದೇ ಅಲ್ಲ. ಸುಳ್ಳು ಹಳದಿಯಿಂದ ಒಂದು ಬ್ಯಾಚ್ ಹಾಲು ತಡೆಹಿಡಿಯಲ್ಪಡುತ್ತದೆ, ನಷ್ಟವಾಗುತ್ತದೆ, ಮತ್ತೊಮ್ಮೆ ಪರೀಕ್ಷಿಸಬೇಕಾಗುತ್ತದೆ. ಹಳದಿ ಬರಬೇಕಾದ ಕಡೆ ಬಾರದಿದ್ದರೆ ಸರಿಯಾಗಿ ಕಾಯದ ಹಾಲು ಮನೆಮನೆಗೆ ಹೋಗುತ್ತದೆ. ಹೀಗಿದ್ದರೂ ಪ್ರಯೋಗಾಲಯಗಳಲ್ಲಿ ಹಳದಿ ಬಂದಾಗ ಎಲ್ಲರೂ ಎಚ್ಚೆತ್ತು ಕಾರಣ ಹುಡುಕುತ್ತಾರೆ. ಬಣ್ಣವಿಲ್ಲದ ಟ್ಯೂಬನ್ನು ಯಾರೂ ಪ್ರಶ್ನಿಸುವುದಿಲ್ಲ. ಬಣ್ಣವಿಲ್ಲದ ಟ್ಯೂಬನ್ನು ಪ್ರತಿದಿನವೂ ಪ್ರಶ್ನಿಸುವ ವ್ಯವಸ್ಥೆ ಇರಬೇಕು ಎಂಬುದು ಈ ಬರಹದ ಮುಖ್ಯ ಒತ್ತಾಯ.

ಬಣ್ಣ ಹುಟ್ಟುವ ಬಗೆ

ಹಸಿ ಹಾಲಿನಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಸಹಜವಾಗಿಯೇ ಇರುತ್ತದೆ. ಹಾಲಿನ ಮೂಲಕ ಹರಡಬಲ್ಲ ಕ್ಷಯರೋಗದ ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಬೇಕಾದ ಕಾವಿಗಿಂತ ತುಸು ಹೆಚ್ಚಿನ ಕಾವು ಈ ಕಿಣ್ವವನ್ನು ನಾಶಪಡಿಸಲು ಬೇಕಾಗುತ್ತದೆ. ಹಾಲನ್ನು 63 ಡಿಗ್ರಿಯಲ್ಲಿ 30 ನಿಮಿಷ ಅಥವಾ 72 ಡಿಗ್ರಿಯ ಆಸುಪಾಸಿನಲ್ಲಿ 15 ಸೆಕೆಂಡು ಇಟ್ಟರೆ ಕಿಣ್ವ ಕೆಲಸ ನಿಲ್ಲಿಸುತ್ತದೆ. ಕಿಣ್ವವೇ ಉಳಿದಿಲ್ಲವೆಂದ ಮೇಲೆ ಆ ರೋಗಾಣುಗಳೂ ಉಳಿದಿರಲಾರವು ಎಂಬ ತರ್ಕದ ಮೇಲೆ ಪರೀಕ್ಷೆ ನಿಂತಿದೆ. ಬ್ರಿಟನ್ನಿನಲ್ಲಿ ಕೇ ಮತ್ತು ಗ್ರಹಾಂ 1930ರ ದಶಕದಲ್ಲಿ ಡೈಸೋಡಿಯಂ ಫೀನೈಲ್ ಫಾಸ್ಫೇಟನ್ನು ಬಳಸಿ ಇದನ್ನು ರೂಪಿಸಿದರು. 1949ರಲ್ಲಿ ಆಶಫೆನ್‌ಬರ್ಗ್ ಮತ್ತು ಮುಲ್ಲೆನ್ ಅದರ ಬದಲಿಗೆ ಪ್ಯಾರಾ-ನೈಟ್ರೋಫೀನೈಲ್ ಫಾಸ್ಫೇಟನ್ನು ತಂದರು. ಭಾರತದ ಆಹಾರ ಸುರಕ್ಷತಾ ನಿಯಮಗಳೂ ಪಾಶ್ಚರೀಕರಿಸಿದ ಹಾಲು ಫಾಸ್ಫಟೇಸ್ ಪರೀಕ್ಷೆಯಲ್ಲಿ ನೆಗೆಟಿವ್ ಬರಬೇಕೆಂದು ಹೇಳುತ್ತವೆ.

ಸಬ್‌ಸ್ಟ್ರೇಟ್, ಅಂದರೆ ಕಿಣ್ವ ಕೆಲಸ ಮಾಡುವ ಈ ಪ್ಯಾರಾ-ನೈಟ್ರೋಫೀನೈಲ್ ಫಾಸ್ಫೇಟ್, ಶುದ್ಧವಾಗಿದ್ದಾಗ ಅದಕ್ಕೆ ಬಣ್ಣವಿಲ್ಲ. ಕಿಣ್ವವು ಅದರಿಂದ ಫಾಸ್ಫೇಟನ್ನು ಕತ್ತರಿಸಿ ತೆಗೆದಾಗ ಪ್ಯಾರಾ-ನೈಟ್ರೋಫೀನಾಲ್ ಉಳಿಯುತ್ತದೆ. ಇದೂ ತಾನಾಗಿಯೇ ಗಾಢ ಹಳದಿಯಲ್ಲ. ಸುತ್ತಲಿನ ದ್ರಾವಣ ಕ್ಷಾರೀಯವಾಗಿದ್ದು ಅದರ ಪ್ರೋಟಾನ್ ಕಳಚಿದಾಗ ಮಾತ್ರ 405 ನ್ಯಾನೋಮೀಟರ್ ಆಸುಪಾಸಿನ ಬೆಳಕನ್ನು ಬಲವಾಗಿ ಹೀರಿ ಹಳದಿಯಾಗಿ ಕಾಣುತ್ತದೆ. ಪಿಎಚ್ 7.15ರ ಸುಮಾರಿಗೆ ಅರ್ಧದಷ್ಟು ಅಣುಗಳು ಹಳದಿ ರೂಪದಲ್ಲಿರುತ್ತವೆ, 9ನ್ನು ದಾಟಿದರೆ ಹೆಚ್ಚುಕಡಿಮೆ ಎಲ್ಲವೂ ಹಳದಿ, 5ಕ್ಕೆ ಇಳಿದರೆ ನೂರಕ್ಕೆ ಒಂದೂ ಇಲ್ಲ. ಅಂದರೆ ಕಿಣ್ವ ಕತ್ತರಿಸುವುದು ಒಂದು ಘಟನೆ, ಕತ್ತರಿಸಿದ ತುಂಡು ಬಣ್ಣ ತಳೆಯುವುದು ಇನ್ನೊಂದು ಘಟನೆ. ದೋಷ ಇವೆರಡರಲ್ಲಿ ಎಲ್ಲಿದೆ ಎಂದು ಕೇಳದೆ ಹುಡುಕಾಟ ಆರಂಭಿಸಿದವರು ಸುಮ್ಮನೆ ಹೊಸ ಬಾಟಲಿಗಳನ್ನು ಒಡೆಯುತ್ತಾ ಹೋಗುತ್ತಾರೆ.

ಆಶಫೆನ್‌ಬರ್ಗ್ ಮತ್ತು ಮುಲ್ಲೆನ್ ಕ್ರಮದಲ್ಲಿ ಬಫರನ್ನು, ಅಂದರೆ ಪಿಎಚ್ ಸ್ಥಿರವಾಗಿಡುವ ದ್ರಾವಣವನ್ನು, ಒಂದು ಲೀಟರ್ ಬಟ್ಟಿ ಇಳಿಸಿದ ನೀರಿಗೆ 3.5 ಗ್ರಾಂ ನಿರ್ಜಲ ಸೋಡಿಯಂ ಕಾರ್ಬೋನೇಟ್ ಮತ್ತು 1.5 ಗ್ರಾಂ ಸೋಡಿಯಂ ಬೈಕಾರ್ಬೋನೇಟ್ ಸೇರಿಸಿ ಮಾಡುತ್ತಾರೆ. ಅದರ ಪಿಎಚ್ 10ರ ಮೇಲಿರುತ್ತದೆ. ಈ ಬಫರಿನ 100 ಮಿ.ಲೀ.ಗೆ 0.15 ಗ್ರಾಂ ಡೈಸೋಡಿಯಂ ಪ್ಯಾರಾ-ನೈಟ್ರೋಫೀನೈಲ್ ಫಾಸ್ಫೇಟ್ ಕರಗಿಸುತ್ತಾರೆ. ಈ ದ್ರಾವಣದ 5 ಮಿ.ಲೀ.ಯನ್ನು 37 ಡಿಗ್ರಿಗೆ ತಂದ ಮೇಲೆ 1 ಮಿ.ಲೀ. ಹಾಲು ಸೇರಿಸಿ ಬೆರೆಸಿ, ಎರಡು ಗಂಟೆಯ ನಂತರ ಅದೇ ಹಾಲನ್ನು ಕುದಿಸಿ ತಯಾರಿಸಿದ ಕಂಟ್ರೋಲ್ ಟ್ಯೂಬಿನ ಜೊತೆ ಕಂಪ್ಯಾರೇಟರಿನಲ್ಲಿ, ಅಂದರೆ ಟ್ಯೂಬಿನ ಬಣ್ಣವನ್ನು ಡಿಸ್ಕಿನ ಗುರುತು ಬಣ್ಣಗಳೊಡನೆ ಕಣ್ಣಿನಿಂದ ನೋಡುವ ಸಾಧನದಲ್ಲಿ, ಇಟ್ಟು ಹೋಲಿಸುತ್ತಾರೆ. ಒಂದು ಮಿ.ಲೀ. ಹಾಲಿಗೆ 10 ಮೈಕ್ರೋಗ್ರಾಂ ನೈಟ್ರೋಫೀನಾಲ್ ಬಿಡುಗಡೆಯಾದುದನ್ನು ಮಿತಿಯಾಗಿ ಇಟ್ಟುಕೊಳ್ಳುವುದು ರೂಢಿ.

ಈ ಮಿತಿ ಎಷ್ಟು ಸಣ್ಣದು ಎಂಬುದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು, ಏಕೆಂದರೆ ಮುಂದಿನ ಅರ್ಧದಷ್ಟು ದೋಷಗಳು ಈ ಲೆಕ್ಕದಲ್ಲಿಯೇ ಅಡಗಿವೆ. ನೈಟ್ರೋಫೀನಾಲಿನ ಅಣುತೂಕ 139; ಆದ್ದರಿಂದ 10 ಮೈಕ್ರೋಗ್ರಾಂ ಎಂದರೆ 0.072 ಮೈಕ್ರೋಮೋಲ್, ಅದು 6 ಮಿ.ಲೀ.ಯಲ್ಲಿ ಹರಡಿದಾಗ 12 ಮೈಕ್ರೋಮೋಲಾರ್. ಸಬ್‌ಸ್ಟ್ರೇಟಿನ ಅಣುತೂಕ, ಆರು ನೀರಿನ ಅಣುಗಳಿರುವ ಲವಣವಾದರೆ, 371. ಟ್ಯೂಬಿನಲ್ಲಿ ಅದರ ಸಾಂದ್ರತೆ ಸುಮಾರು 3,370 ಮೈಕ್ರೋಮೋಲಾರ್. ಹೀಗಾಗಿ ಬಾಟಲಿಯಲ್ಲಿ ಇದ್ದಲ್ಲಿಯೇ ಸಬ್‌ಸ್ಟ್ರೇಟಿನ 0.36 ಪ್ರತಿಶತ ಒಡೆದಿದ್ದರೂ ಸಾಕು, ಒಂದು ಹನಿ ಹಾಲು ಹಾಕುವ ಮೊದಲೇ ಟ್ಯೂಬ್ ಮಿತಿಯನ್ನು ಮುಟ್ಟಿರುತ್ತದೆ. ಸ್ವಚ್ಛ ದ್ರಾವಣದಲ್ಲಿ, ಒಂದು ಸೆಂಟಿಮೀಟರ್ ಕ್ಯುವೆಟ್‌ನಲ್ಲಿ, ಇದೇ 12 ಮೈಕ್ರೋಮೋಲಾರ್ 405 ನ್ಯಾನೋಮೀಟರಿನಲ್ಲಿ 0.22ರಷ್ಟು ಅಬ್ಸಾರ್ಬೆನ್ಸ್ (ಬೆಳಕು ಹೀರುವಿಕೆಯ ಅಳತೆ) ಕೊಡುತ್ತದೆ. ಹಾಲಿನ ಮಬ್ಬು ಇರುವ ಟ್ಯೂಬನ್ನು ನೇರವಾಗಿ ಸ್ಪೆಕ್ಟ್ರೋಫೋಟೋಮೀಟರಿಗೆ ಹಾಕಿದರೆ ಕೊಬ್ಬು ಮತ್ತು ಹಾಲಿನ ಪ್ರೋಟೀನಾದ ಕೇಸಿನ್ ಚದುರಿಸುವ ಬೆಳಕು ಈ 0.22ನ್ನು ಮುಳುಗಿಸಿಬಿಡುತ್ತದೆ, ಹಾಗೆ ಓದಿದ ಅಂಕಿಗಳನ್ನು ನಂಬಬಾರದು.

ಹುಡುಕುವ ಮೊದಲು ಇಡಬೇಕಾದ ಟ್ಯೂಬುಗಳು

ದೋಷ ಕಂಡ ದಿನ ಸಂಶಯದ ಮಾದರಿಯನ್ನೇ ಮತ್ತೆ ಮತ್ತೆ ಪರೀಕ್ಷಿಸುವುದರಿಂದ ಏನೂ ತಿಳಿಯುವುದಿಲ್ಲ. ಅದರ ಜೊತೆಗೆ ಈ ನಾಲ್ಕು ಟ್ಯೂಬುಗಳು ಇರಬೇಕು. ಮೊದಲನೆಯದರಲ್ಲಿ ಸಬ್‌ಸ್ಟ್ರೇಟ್ ದ್ರಾವಣ ಮತ್ತು ಹಾಲಿನ ಬದಲು ನೀರು. ಎರಡನೆಯದರಲ್ಲಿ ಸಬ್‌ಸ್ಟ್ರೇಟ್ ಮತ್ತು ಅದೇ ಮಾದರಿಯ ಹಾಲನ್ನು ಕುದಿಸಿ ತಣಿಸಿದ್ದು. ಮೂರನೆಯದರಲ್ಲಿ ಸಬ್‌ಸ್ಟ್ರೇಟ್ ಮತ್ತು ಹಸಿ ಹಾಲು ಬೆರೆಸಿದ ಕುದಿಸಿದ ಹಾಲು, 499 ಮಿ.ಲೀ. ಕುದಿಸಿದ ಹಾಲಿಗೆ 1 ಮಿ.ಲೀ. ಹಸಿ ಹಾಲು ಬೆರೆಸಿದರೆ 0.2 ಪ್ರತಿಶತವಾಗುತ್ತದೆ, 199 ಮಿ.ಲೀ.ಗೆ ಬೆರೆಸಿದರೆ 0.5 ಪ್ರತಿಶತ. ಹಸಿ ಹಾಲಿನಲ್ಲಿ ಕಿಣ್ವದ ಪ್ರಮಾಣ ದಿನದಿಂದ ದಿನಕ್ಕೆ ಬೇರೆಯಾಗುವುದರಿಂದ 0.2 ಪ್ರತಿಶತದ ಟ್ಯೂಬ್ ಮಿತಿಯ ಆಸುಪಾಸಿನಲ್ಲಿ ಓಲಾಡಬಹುದು, 0.5 ಪ್ರತಿಶತದ್ದು ಹಸುವಿನ ಹಾಲಾದರೆ ಸ್ಪಷ್ಟವಾಗಿ ಹಳದಿಯಾಗಬೇಕು. ನಾಲ್ಕನೆಯದರಲ್ಲಿ ಕುದಿಸಿದ ಹಾಲಿಗೆ ನೇರವಾಗಿ 10 ಮೈಕ್ರೋಗ್ರಾಂ ಪ್ಯಾರಾ-ನೈಟ್ರೋಫೀನಾಲ್, 100 ಮಿ.ಲೀ. ನೀರಿನಲ್ಲಿ 10 ಮಿ.ಗ್ರಾಂ ಕರಗಿಸಿಟ್ಟುಕೊಂಡರೆ ಅದರ 0.1 ಮಿ.ಲೀ. ಸಾಕು.

ನಾಲ್ಕನೆಯ ಟ್ಯೂಬನ್ನು ಬಹಳ ಕಡೆ ಇಡುವುದೇ ಇಲ್ಲ. ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ಉಪಯುಕ್ತವಾದುದು, ಏಕೆಂದರೆ ಅದರಲ್ಲಿ ಕಿಣ್ವದ ಪಾತ್ರವೇ ಇಲ್ಲ. ಅದರಲ್ಲಿಯೂ ಹಳದಿ ಕಾಣದಿದ್ದರೆ ದೋಷ ಬಫರಿನ ಪಿಎಚ್‌ನಲ್ಲೋ, ನೋಡುವ ಬೆಳಕಿನಲ್ಲೋ, ಕಂಪ್ಯಾರೇಟರಿನ ಡಿಸ್ಕಿನಲ್ಲೋ ಇದೆ ಎಂದು ಒಂದೇ ನೋಟದಲ್ಲಿ ತೀರ್ಮಾನವಾಗುತ್ತದೆ.

ಇನ್ನು ಎರಡು ಪ್ರಶ್ನೆಗಳನ್ನು ಪ್ರತಿಯೊಂದು ಹಳದಿ ಟ್ಯೂಬಿಗೂ ಕೇಳಬೇಕು. ಬೆರೆಸಿದ ಕ್ಷಣದಲ್ಲಿಯೇ ಆ ಬಣ್ಣ ಇತ್ತೇ, ಅಥವಾ ಹೊತ್ತು ಕಳೆದಂತೆ ಬೆಳೆಯಿತೇ? ಆಮ್ಲ ಹಾಕಿದರೆ ಅದು ಮಾಯವಾಗುತ್ತದೆಯೇ? ಮೊದಲನೆಯದಕ್ಕೆ ಉತ್ತರ ಸಿಗಬೇಕಾದರೆ ಶೂನ್ಯ ನಿಮಿಷ, 30 ನಿಮಿಷ ಮತ್ತು 120 ನಿಮಿಷಗಳಲ್ಲಿ ಟ್ಯೂಬನ್ನು ನೋಡಿ ಬರೆದಿಡಬೇಕು. ಎರಡು ಗಂಟೆಯ ನಂತರ ಒಮ್ಮೆ ಮಾತ್ರ ನೋಡುವ ಅಭ್ಯಾಸ ಈ ಮಾಹಿತಿಯನ್ನು ಶಾಶ್ವತವಾಗಿ ಕಳೆದುಬಿಡುತ್ತದೆ. ಎರಡನೆಯದಕ್ಕೆ ಟ್ಯೂಬಿನಿಂದ ಒಂದಿಷ್ಟು ತೆಗೆದು, ಹಾಲು ಒಡೆಯುವವರೆಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿಹನಿಯಾಗಿ ಹಾಕಿ ಸೋಸಬೇಕು. ಸೋಸಿದ ತಿಳಿಯಲ್ಲಿ ಹಳದಿ ಅಳಿದು, ಸೋಡಿಯಂ ಹೈಡ್ರಾಕ್ಸೈಡ್ ಹಾಕಿದಾಗ ಮರಳಿ ಬಂದರೆ ಅದು ನೈಟ್ರೋಫೀನಾಲ್ ಎಂದು ನಂಬಬಹುದು. ಹಾಲಿನ ರೈಬೋಫ್ಲೇವಿನ್ ಕೊಡುವ ಹಸಿರು ಮಿಶ್ರಿತ ನಸುಹಳದಿ ಹೀಗೆ ಅಳಿಯುವುದಿಲ್ಲ. ಅದು ಕುದಿಸಿದ ಕಂಟ್ರೋಲಿನಲ್ಲಿಯೂ ಅಷ್ಟೇ ಇರುತ್ತದೆ.

ಬೆರೆಸಿದ ಕೂಡಲೇ ಹಳದಿ ಕಂಡರೆ

ಯಾವ ಕಿಣ್ವವೂ ಒಂದು ಕ್ಷಣದಲ್ಲಿ ಈ ಕೆಲಸ ಮಾಡಲಾರದು. ನೀರು ಹಾಕಿದ ಮೊದಲನೆಯ ಟ್ಯೂಬಿನಲ್ಲಿಯೂ ಹಳದಿ ಇದ್ದರೆ, ಮತ್ತು ಆಮ್ಲದಿಂದ ಅದು ಅಳಿದರೆ, ಸಬ್‌ಸ್ಟ್ರೇಟ್ ತಾನಾಗಿಯೇ ಒಡೆದಿದೆ. ಒಣ ಪುಡಿಯನ್ನು ಮೈನಸ್ 20 ಡಿಗ್ರಿಯಲ್ಲಿ, ತೇವ ತಾಗದಂತೆ ಇಡಬೇಕು. ಫ್ರೀಜರಿನಿಂದ ತೆಗೆದ ಬಾಟಲಿ ಕೋಣೆಯ ಉಷ್ಣತೆಗೆ ಬರುವ ಮೊದಲೇ ಮುಚ್ಚಳ ತೆರೆದರೆ ಹೊರಗಿನ ಗಾಳಿಯ ತೇವ ತಣ್ಣಗಿನ ಪುಡಿಯ ಮೇಲೆ ಕೂರುತ್ತದೆ. ಕರಾವಳಿಯ ಪ್ರಯೋಗಾಲಯಗಳಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಒಂದೇ ಬಾಟಲಿಯನ್ನು ದಿನವೂ ಹೀಗೆ ತೆರೆಯುತ್ತಿದ್ದರೆ ಪುಡಿ ಬೇಗ ಕೆಡುತ್ತದೆ. ಒಂದು ಬಾರಿಗೆ ಬೇಕಾಗುವಷ್ಟನ್ನು ತೂಗಿ ಸಣ್ಣ ಸೀಸೆಗಳಲ್ಲಿ ಬೇರೆಬೇರೆ ಇಡುವುದು ಇದಕ್ಕೆ ಪರಿಹಾರ. ಕರಗಿಸಿದ ದ್ರಾವಣವನ್ನು ಬೆಳಕು ತಾಗದಂತೆ ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಬಳಸಿ ಮುಗಿಸಬೇಕು. ವಿದ್ಯುತ್ ಹೋಗಿ ಬಂದ ದಿನಗಳ ನಂತರ ದ್ರಾವಣವನ್ನು ನೀರಿನ ಟ್ಯೂಬಿನಲ್ಲಿ ಪರಿಶೀಲಿಸದೆ ಬಳಸಬಾರದು. ನೀರಿನ ಟ್ಯೂಬ್ ಒಂದೇ 10 ಮೈಕ್ರೋಗ್ರಾಂ ಗುರುತನ್ನು ಮುಟ್ಟಿದರೆ ಆ ದ್ರಾವಣವನ್ನು ಚೆಲ್ಲಬೇಕು; ಬ್ಲ್ಯಾಂಕನ್ನು, ಅಂದರೆ ನೀರಿನ ಟ್ಯೂಬಿನ ಓದನ್ನು, ಕಳೆದು ಹೇಗೋ ನಿಭಾಯಿಸಬಹುದು ಎಂಬ ಲೆಕ್ಕಾಚಾರ ಇಲ್ಲಿ ಸಲ್ಲದು, ಏಕೆಂದರೆ ಗಾಢ ಹಳದಿಯ ಮೇಲೆ ಕೂರುವ ತೆಳು ಹಳದಿಯನ್ನು ಕಣ್ಣು ಗುರುತಿಸಲಾರದು.

ಆಮ್ಲದಿಂದ ಅಳಿಯದ ಹಳದಿ ಬೇರೆಯೇ ಕಥೆ. ಗಾಜಿನ ಸಾಮಾನುಗಳನ್ನು ಕ್ರೋಮಿಕ್ ಆಮ್ಲದಲ್ಲಿ ತೊಳೆಯುವ ಕಡೆಗಳಲ್ಲಿ ಅದರ ಶೇಷ ಟ್ಯೂಬಿನ ಗೋಡೆಯಲ್ಲಿ ಉಳಿಯಬಹುದು. ಕಿತ್ತಳೆ ಬಣ್ಣದ ಡೈಕ್ರೋಮೇಟ್ ಈ ಕ್ಷಾರೀಯ ಬಫರಿನಲ್ಲಿ ಕ್ರೋಮೇಟಾಗಿ ಬದಲಾಗಿ ನೈಟ್ರೋಫೀನಾಲಿಗೆ ಬಹಳ ಹತ್ತಿರದ ಹಳದಿಯನ್ನು ಕೊಡುತ್ತದೆ. ಆಮ್ಲ ಹಾಕಿದಾಗ ಮಾಯವಾಗುವ ಬದಲು ಕಿತ್ತಳೆಯತ್ತ ತಿರುಗುತ್ತದೆ. ಎಲ್ಲ ಟ್ಯೂಬುಗಳಲ್ಲಿ ಒಂದೇ ಸಮನಾಗಿ ಬರದೆ ಅಲ್ಲೊಂದು ಇಲ್ಲೊಂದು ಟ್ಯೂಬ್ ಹಳದಿಯಾಗುತ್ತಿದ್ದರೆ ಮೊದಲು ತೊಳೆಯುವ ಕೋಣೆಯನ್ನು ನೋಡಬೇಕು. ಹಾಲಿನ ಮಾದರಿಯನ್ನು ಕೆಡದಂತೆ ಇಡಲು ಪೊಟ್ಯಾಸಿಯಂ ಡೈಕ್ರೋಮೇಟ್ ಹಾಕಿದ್ದರೂ ಇದೇ ಆಗುತ್ತದೆ. ಸಂರಕ್ಷಕ ಹಾಕಿದ ಮಾದರಿಗಳು, ಅದು ಫಾರ್ಮಲಿನ್ ಆಗಿರಲಿ ಪಾದರಸದ ಲವಣವಾಗಿರಲಿ, ಈ ಪರೀಕ್ಷೆಗೆ ಬರಲೇಬಾರದು.

ನೀರಿನ ಟ್ಯೂಬ್ ತಿಳಿಯಾಗಿದ್ದು ಮಾದರಿಯಲ್ಲಿ ಮತ್ತು ಅದರ ಕುದಿಸಿದ ಕಂಟ್ರೋಲಿನಲ್ಲಿ ಮಾತ್ರ ಮೊದಲಿನಿಂದಲೇ ಬಣ್ಣವಿದ್ದರೆ ಅದು ಹಾಲಿಗೆ ಹಾಕಿದ ಬಣ್ಣ. ಬಾದಾಮಿ ಹಾಲು, ಕೇಸರಿ ಹಾಲುಗಳಲ್ಲಿ ಸೇರಿಸುವ ಟಾರ್ಟ್ರಜೀನ್‌ನಂಥ ಬಣ್ಣಗಳು ಆಮ್ಲದಲ್ಲಿಯೂ ಹಳದಿಯಾಗಿಯೇ ಉಳಿಯುತ್ತವೆ. ಅರಿಸಿನದ ಹಾಲು ಕ್ಷಾರೀಯ ಬಫರಿಗೆ ಬಿದ್ದೊಡನೆ ಕೆಂಪು ಕಂದಿಗೆ ತಿರುಗುತ್ತದೆ, ಆಮ್ಲದಲ್ಲಿ ಹಳದಿಗೆ ಮರಳುತ್ತದೆ. ಇಂಥ ಉತ್ಪನ್ನಗಳಿಗೆ ಕಣ್ಣಿನಿಂದ ಓದುವ ಪರೀಕ್ಷೆ ಸೂಕ್ತವಲ್ಲ. ಬಣ್ಣ ಮತ್ತು ಮಸಾಲೆ ಸೇರಿಸುವ ಮೊದಲು, ಪಾಶ್ಚರೀಕರಣ ಮುಗಿದ ಹಂತದ ಹಾಲನ್ನೇ ಪರೀಕ್ಷಿಸುವುದು ಸರಿಯಾದ ದಾರಿ.

ಹಳದಿ ಬೆಳೆಯುತ್ತದೆ, ಆದರೆ ಕುದಿಸಿದ ಕಂಟ್ರೋಲಿನಲ್ಲಿಯೂ ಬೆಳೆಯುತ್ತದೆ

ಕುದಿಸಿದ ಹಾಲಿನಲ್ಲಿ ಕಿಣ್ವ ಉಳಿದಿರುವುದಿಲ್ಲವಾದ್ದರಿಂದ ಇಲ್ಲಿ ಕಿಣ್ವ ಹೊರಗಿನಿಂದ ಬಂದಿದೆ. ಹಸಿ ಹಾಲಿಗೆ ಬಳಸಿದ ಪಿಪೆಟನ್ನೇ ಕಂಟ್ರೋಲಿಗೂ ಬಳಸಿದ್ದು ಅತಿ ಸಾಮಾನ್ಯ ಕಾರಣ. ಸಾವಿರ ಹನಿಗಳಿಗೆ ಎರಡು ಹನಿ ಹಸಿ ಹಾಲು ಸೇರಿದರೂ ಪರೀಕ್ಷೆ ಅದನ್ನು ಹಿಡಿಯುತ್ತದೆ ಎಂದಮೇಲೆ ಪಿಪೆಟಿನ ತುದಿಯಲ್ಲಿ ಉಳಿದ ತೆಳು ಪದರವೂ ಕಡಿಮೆಯದಲ್ಲ. ಪ್ರತಿ ಮಾದರಿಗೂ ಹೊಸ ಪಿಪೆಟ್ ಬಳಸಬೇಕು, ಮೂರನೆಯ ಟ್ಯೂಬಿಗೆ ಬೇಕಾದ ಹಸಿ ಹಾಲನ್ನು ಎಲ್ಲಕ್ಕಿಂತ ಕೊನೆಯಲ್ಲಿ, ಸಾಧ್ಯವಾದರೆ ಬೇರೆ ಮೇಜಿನ ಮೇಲೆ ಅಳೆಯಬೇಕು. ಎಂಜಲಿನಲ್ಲಿಯೂ ಫಾಸ್ಫಟೇಸ್ ಇರುತ್ತದೆ. ಬಾಯಿಯಿಂದ ಪಿಪೆಟ್ ಹೀರುವ ಹಳೆಯ ರೂಢಿಯನ್ನು ಕೈಬಿಡಲು ಸುರಕ್ಷತೆಯ ಜೊತೆಗೆ ಇದೂ ಒಂದು ಕಾರಣ. ರಬ್ಬರ್ ಬಿರಡೆಗಳನ್ನು ಮತ್ತೆ ಮತ್ತೆ ಬಳಸುವವರು ಅವನ್ನು ಕುದಿಸಿ ತೊಳೆಯಬೇಕು.

ನೀರಿನ ಟ್ಯೂಬಿನಲ್ಲಿಯೂ ಹಳದಿ ನಿಧಾನವಾಗಿ ಬೆಳೆಯುತ್ತಿದ್ದರೆ ಬಟ್ಟಿ ಇಳಿಸಿದ ನೀರಿನ ಕ್ಯಾನನ್ನು ಅಥವಾ ಹಳೆಯ ಬಫರನ್ನು ಸಂಶಯಿಸಬೇಕು. ವಾರಗಟ್ಟಲೆ ಮೇಜಿನ ಮೇಲಿರುವ ನೀರಿನಲ್ಲಿ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ, ಅವುಗಳಿಗೂ ತಮ್ಮದೇ ಫಾಸ್ಫಟೇಸ್ ಇದೆ. ಹೊಸದಾಗಿ ಬಟ್ಟಿ ಇಳಿಸಿದ ನೀರಿನಲ್ಲಿ ಹೊಸ ಬಫರ್ ಮಾಡಿ ಹಳೆಯದರ ಪಕ್ಕದಲ್ಲಿಟ್ಟು ನೋಡಿದರೆ ಎರಡು ಗಂಟೆಯಲ್ಲಿ ಉತ್ತರ ಸಿಗುತ್ತದೆ.

ಇದೇ ಕಿಣ್ವವನ್ನು ಪತ್ತೆಹಚ್ಚುವ ಇನ್ನೊಂದು ಕ್ರಮವಾದ ಶಾರೆರ್ ವಿಧಾನವನ್ನು ಬಳಸುವವರಿಗೆ ಇಲ್ಲಿ ಒಂದು ಎಚ್ಚರಿಕೆ. ಅದರಲ್ಲಿ ಬಿಡುಗಡೆಯಾದ ಫೀನಾಲನ್ನು ಡೈಬ್ರೋಮೋಕ್ವಿನೋನ್ ಕ್ಲೋರಿಮೈಡಿನಿಂದ ನೀಲಿ ಬಣ್ಣಕ್ಕೆ ತರಲಾಗುತ್ತದೆ. ಫೀನಾಲ್ ಕುಲದ ವಸ್ತುಗಳಿರುವ ಫಿನೈಲಿನಿಂದ ನೆಲ ಒರೆಸಿದ ಕೋಣೆಯಲ್ಲಿ, ಅಥವಾ ಬೇಕಲೈಟ್ ಮುಚ್ಚಳದ ಬಾಟಲಿಗಳನ್ನು ಬಳಸಿದಾಗ, ಕಿಣ್ವವಿಲ್ಲದೆಯೂ ನೀಲಿ ಬರಬಹುದು. ನೈಟ್ರೋಫೀನೈಲ್ ವಿಧಾನಕ್ಕೆ ಈ ತೊಂದರೆ ಅಷ್ಟಾಗಿ ಇಲ್ಲ.

ಬಣ್ಣ ಬರಬೇಕಾದಲ್ಲಿ ಬಾರದಿದ್ದರೆ

ಮೂರನೆಯ ಟ್ಯೂಬ್, ಅಂದರೆ ಹಸಿ ಹಾಲು ಬೆರೆಸಿದ್ದು, ಬಣ್ಣ ತಳೆಯದಿದ್ದರೆ ಆ ದಿನದ ಯಾವ ನೆಗೆಟಿವ್ ಫಲಿತಾಂಶವನ್ನೂ ನೋಂದಾಯಿಸಬಾರದು. ಆಗ ನಾಲ್ಕನೆಯ ಟ್ಯೂಬನ್ನು ನೋಡಬೇಕು. ಅದು ಹಳದಿಯಾಗಿದ್ದರೆ ನೋಡುವ ವ್ಯವಸ್ಥೆ ಸರಿಯಿದೆ, ಕಿಣ್ವದ ಕೆಲಸಕ್ಕೆ ಅಡ್ಡಿಯಾಗಿದೆ. ಅದೂ ಹಳದಿಯಾಗದಿದ್ದರೆ ಪಿಎಚ್ ಅಳೆಯಬೇಕು.

ಪಿಎಚ್ ಕುಸಿಯಲು ಸಾಮಾನ್ಯ ಕಾರಣ ಕಾರ್ಬೋನೇಟ್ ಮತ್ತು ಬೈಕಾರ್ಬೋನೇಟ್ ಲವಣಗಳ ತೂಕ ಅದಲುಬದಲಾಗುವುದು, ಇಲ್ಲವೇ ನಿರ್ಜಲ ಕಾರ್ಬೋನೇಟಿನ ಬದಲು ಹತ್ತು ನೀರಿನ ಅಣುಗಳಿರುವ ವಾಷಿಂಗ್ ಸೋಡಾ ಹರಳನ್ನು ಅದೇ 3.5 ಗ್ರಾಂ ತೂಗುವುದು. ಹರಳಿನ ಅಣುತೂಕ 286, ನಿರ್ಜಲ ಲವಣದ್ದು 106. ಆದ್ದರಿಂದ ಹರಳನ್ನು ಬಳಸುವುದಾದರೆ ಸುಮಾರು 9.45 ಗ್ರಾಂ ಬೇಕು. ಮುಚ್ಚಳವಿಲ್ಲದ ಬಾಟಲಿಯಲ್ಲಿರುವ ಬಫರ್ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕ್ರಮೇಣ ದುರ್ಬಲವಾಗುತ್ತದೆ, ಹುಳಿಯಾದ ಹಾಲು ಇನ್ನೂ ಕೆಳಗೆಳೆಯುತ್ತದೆ. ಆದರೆ ಒಂದು ಸೂಕ್ಷ್ಮವನ್ನು ಗಮನಿಸಬೇಕು: ಪಿಎಚ್ 10ರಿಂದ 8.5ಕ್ಕೆ ಇಳಿದರೂ ನೈಟ್ರೋಫೀನಾಲಿನ ಬಹುಪಾಲು ಹಳದಿಯಾಗಿಯೇ ಇರುತ್ತದೆ, ಆದ್ದರಿಂದ ನಾಲ್ಕನೆಯ ಟ್ಯೂಬ್ ಚೆನ್ನಾಗಿಯೇ ಕಾಣುತ್ತದೆ. ಆದರೆ ಕಿಣ್ವದ ವೇಗ ಅಷ್ಟರಲ್ಲಿ ಬಹಳ ಕುಗ್ಗಿರುತ್ತದೆ. ಹೀಗಾಗಿ ನಾಲ್ಕನೆಯ ಟ್ಯೂಬ್ ಹಳದಿಯಾಗಿದ್ದ ಮಾತ್ರಕ್ಕೆ ಪಿಎಚ್ ಸರಿಯಿದೆ ಎಂದು ಬಿಟ್ಟುಬಿಡುವಂತಿಲ್ಲ, ಮೀಟರಿನಿಂದಲೇ ಅಳೆಯಬೇಕು.

ಕಿಣ್ವದ ಕೆಲಸವನ್ನು ತಡೆಯುವ ವಸ್ತುಗಳು ಹಲವು. ಈ ಕಿಣ್ವದ ಒಡಲಲ್ಲಿ ಸತು ಇದೆ, ಮೆಗ್ನೀಸಿಯಂ ಕೂಡ ಅದಕ್ಕೆ ಬೇಕು. ಇಡಿಟಿಎ ಅಥವಾ ಸಿಟ್ರೇಟಿನಂಥ ವಸ್ತುಗಳು ಆ ಲೋಹಗಳನ್ನು ಕಸಿದುಕೊಳ್ಳುತ್ತವೆ. ರಕ್ತದ ಆಲ್ಕಲೈನ್ ಫಾಸ್ಫಟೇಸ್ ಅಳೆಯುವ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಇಡಿಟಿಎ ಇರುವ ಟ್ಯೂಬಿಗೆ ರಕ್ತ ತೆಗೆದರೆ ಫಲಿತಾಂಶ ಸುಳ್ಳಾಗಿ ಕಡಿಮೆ ಬರುವುದೂ ಇದೇ ಕಾರಣದಿಂದ. ಫಾಸ್ಫೇಟ್ ಕಿಣ್ವದ ಉತ್ಪನ್ನವೇ ಆಗಿರುವುದರಿಂದ ಅದು ಕಿಣ್ವದ ಬಾಯಿಯನ್ನು ತಾನೇ ತುಂಬಿ ನಿಲ್ಲುತ್ತದೆ. ಆದ್ದರಿಂದ ಮಾದರಿಯನ್ನು ಫಾಸ್ಫೇಟ್ ಬಫರಿನಲ್ಲಿ ತೆಳುಮಾಡಬಾರದು, ಫಾಸ್ಫೇಟ್ ಇರುವ ಡಿಟರ್ಜೆಂಟಿನಲ್ಲಿ ತೊಳೆದ ಗಾಜನ್ನು ಬಟ್ಟಿ ಇಳಿಸಿದ ನೀರಿನಿಂದ ಹಲವು ಬಾರಿ ಜಾಲಾಡಬೇಕು.

ವಾಟರ್ ಬಾತಿನ ಮುಖದ ಮೇಲೆ 37 ಎಂದು ತೋರಿಸಿದರೆ ಟ್ಯೂಬಿನೊಳಗೂ 37 ಇದೆ ಎಂದು ತಿಳಿಯಬಾರದು. ನೀರಿರುವ ಒಂದು ಟ್ಯೂಬನ್ನು ಇತರ ಟ್ಯೂಬುಗಳ ನಡುವೆ ಇಟ್ಟು, ಅದರೊಳಗೆ ಬೇರೆಯೇ ಥರ್ಮಾಮೀಟರ್ ಇಳಿಸಿ ನೋಡಬೇಕು. ಬಾತಿನ ನೀರು ಟ್ಯೂಬಿನೊಳಗಿನ ದ್ರಾವಣದ ಮಟ್ಟಕ್ಕಿಂತ ಮೇಲಿರಬೇಕು. ನಡುವೆ ವಿದ್ಯುತ್ ಹೋಗಿ ಬಾತ್ ತಣಿದಿದ್ದರೆ ಆ ಸುತ್ತನ್ನು ರದ್ದುಗೊಳಿಸಿ ಹೊಸದಾಗಿ ಆರಂಭಿಸಬೇಕೇ ಹೊರತು ಅಂದಾಜಿನಿಂದ ಅರ್ಧ ಗಂಟೆ ಹೆಚ್ಚಿಗೆ ಇಟ್ಟು ಸರಿದೂಗಿಸಬಾರದು.

ಬೆಳಕಿನ ವಿಷಯವನ್ನು ಬಹಳ ಮಂದಿ ಕಡೆಗಣಿಸುತ್ತಾರೆ. ಹಳದಿ ಬೆಳಕಿನ ಬಲ್ಬಿನ ಕೆಳಗೆ ತೆಳು ಹಳದಿ ಬಿಳಿಯಾಗಿ ಕಾಣುತ್ತದೆ. ಕಂಪ್ಯಾರೇಟರನ್ನು ನೇರ ಬಿಸಿಲು ಬೀಳದ ಕಿಟಕಿಯ ಹಗಲು ಬೆಳಕಿನಲ್ಲಿ, ರಾತ್ರಿ ಪಾಳಿಯಾದರೆ ಹಗಲಿಗೆ ಸಮನಾದ ಬಿಳಿ ದೀಪದ ಮುಂದೆ ಓದಬೇಕು. ಮಿತಿಯ ಆಸುಪಾಸಿನ ಟ್ಯೂಬನ್ನು ಇಬ್ಬರು ಒಬ್ಬರಿಗೊಬ್ಬರು ಹೇಳದೆ ಓದಿ ಬರೆದರೆ ಇನ್ನೂ ಒಳ್ಳೆಯದು.

ಆಡಿನ ಹಾಲಿನಲ್ಲಿ ಈ ಕಿಣ್ವ ಹಸುವಿನ ಹಾಲಿಗಿಂತ ಬಹಳ ಕಡಿಮೆ. ಆದ್ದರಿಂದ ಅಲ್ಲಿ ಬಣ್ಣ ಬಾರದಿರುವುದಕ್ಕೆ ಹಸುವಿನ ಹಾಲಿನಲ್ಲಿರುವಷ್ಟು ಅರ್ಥವಿಲ್ಲ. ಮೂರನೆಯ ಟ್ಯೂಬಿಗೆ ಆಡಿನ ಹಸಿ ಹಾಲನ್ನೇ ಬಳಸಿ ಪರೀಕ್ಷೆ ಎಷ್ಟನ್ನು ಹಿಡಿಯಬಲ್ಲದು ಎಂದು ಮೊದಲು ತಿಳಿದುಕೊಳ್ಳಬೇಕು. ಕಿಣ್ವದ ಗಣನೀಯ ಭಾಗ ಕೊಬ್ಬಿನ ಕಣಗಳ ಪೊರೆಗೆ ಅಂಟಿಕೊಂಡಿರುವುದರಿಂದ ಕೆನೆ ಮೇಲೆ ನಿಂತ ಬಾಟಲಿಯ ತಳದಿಂದ ತೆಗೆದ ಮಾದರಿಯೂ ತಪ್ಪು ಹೇಳುತ್ತದೆ. ತೆಗೆಯುವ ಮೊದಲು ಹಾಲನ್ನು ಚೆನ್ನಾಗಿ ತಿರುವಿ ಬೆರೆಸಬೇಕು.

ಮಾದರಿಯಲ್ಲಿ ಮಾತ್ರ ಹಳದಿ ಬೆಳೆದರೆ

ನೀರಿನ ಟ್ಯೂಬ್ ತಿಳಿ, ಕುದಿಸಿದ ಕಂಟ್ರೋಲ್ ತಿಳಿ, ಮಾದರಿಯಲ್ಲಿ ಹೊತ್ತು ಕಳೆದಂತೆ ಹಳದಿ ಏರಿದೆ, ಆಮ್ಲದಿಂದ ಅದು ಅಳಿದಿದೆ ಎಂದಾದರೆ ಮಾದರಿಯಲ್ಲಿ ಜೀವಂತ ಫಾಸ್ಫಟೇಸ್ ಇದೆ. ಅದು ಹಾಲಿನದೇ ಎಂಬುದು ಮಾತ್ರ ಇನ್ನೂ ನಿಶ್ಚಯವಾಗಿಲ್ಲ. ಕೆಲವು ಬ್ಯಾಕ್ಟೀರಿಯಾಗಳು ಕಾವಿಗೆ ಜಗ್ಗದ ಫಾಸ್ಫಟೇಸನ್ನು ತಯಾರಿಸುತ್ತವೆ. ಮಾದರಿಯ ಒಂದು ಭಾಗವನ್ನು ಪ್ರಯೋಗಾಲಯದಲ್ಲಿಯೇ 63 ಡಿಗ್ರಿಯಲ್ಲಿ 30 ನಿಮಿಷ ಇಟ್ಟು, ತಣಿಸಿ, ಮತ್ತೆ ಪರೀಕ್ಷಿಸಬೇಕು. ಬಣ್ಣ ಬಾರದೆ ಹೋದರೆ ಮೊದಲು ಕಂಡದ್ದು ಹಾಲಿನ ಕಿಣ್ವ. ಬಣ್ಣ ಹಾಗೆಯೇ ಬಂದರೆ ಸೂಕ್ಷ್ಮಜೀವಿಗಳ ಕಿಣ್ವವನ್ನು ಸಂಶಯಿಸಬೇಕು.

ಇನ್ನೊಂದು ತೊಡಕು ಕೆನೆಯಲ್ಲಿ ಹೆಚ್ಚು. ಹೆಚ್ಚಿನ ಉಷ್ಣತೆಯಲ್ಲಿ ಅತಿ ಕಡಿಮೆ ಹೊತ್ತು ಕಾಯಿಸಿದ ಉತ್ಪನ್ನಗಳನ್ನು ಬೆಚ್ಚಗಿನ ಕಡೆ ಇಟ್ಟರೆ, ನಿಷ್ಕ್ರಿಯವಾಗಿದ್ದ ಕಿಣ್ವದ ಒಂದು ಭಾಗ ಮರಳಿ ಚುರುಕಾಗುತ್ತದೆ. ಕಾಯಿಸಿದ ಕೂಡಲೇ ನೆಗೆಟಿವ್ ಇದ್ದ ಕೆನೆ ಮಾರಾಟದ ಕಡೆಯಿಂದ ತಂದ ಪೊಟ್ಟಣದಲ್ಲಿ ಪಾಸಿಟಿವ್ ಬಂದರೆ ಇದನ್ನು ನೆನೆಯಬೇಕು. ಮೆಗ್ನೀಸಿಯಂ ಈ ಚೇತರಿಕೆಯನ್ನು ಹೆಚ್ಚಿಸುತ್ತದೆ ಎಂಬುದನ್ನೇ ಪರೀಕ್ಷೆಯಾಗಿ ಬಳಸುತ್ತಾರೆ: ಮಾದರಿಯ ಒಂದು ಭಾಗಕ್ಕೆ ಮೆಗ್ನೀಸಿಯಂ ಲವಣ ಸೇರಿಸಿ, ಇನ್ನೊಂದಕ್ಕೆ ಸೇರಿಸದೆ, ಎರಡನ್ನೂ 34 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಮೊದಲನೆಯದನ್ನು ಆರುಪಟ್ಟು ತೆಳುಮಾಡಿ ಹೋಲಿಸಲಾಗುತ್ತದೆ. ತೆಳುಮಾಡಿದ ಮೇಲೂ ಅದರ ಹಳದಿ ಎರಡನೆಯದಕ್ಕೆ ಸಮನಾಗಿ ಅಥವಾ ಹೆಚ್ಚಾಗಿ ಇದ್ದರೆ ಚೇತರಿಸಿಕೊಂಡ ಕಿಣ್ವವೇ ಕಾರಣ.

ಇವೆರಡೂ ಅಲ್ಲವೆಂದಾದರೆ ಪ್ರಯೋಗಾಲಯದ ಹುಡುಕಾಟ ಅಲ್ಲಿಗೆ ಮುಗಿದು ಘಟಕದ ಹುಡುಕಾಟ ಆರಂಭವಾಗುತ್ತದೆ. ಆಗ ಹಳದಿಯ ಪ್ರಮಾಣಕ್ಕಿಂತ ಅದು ಯಾವ ಹೊತ್ತಿನಲ್ಲಿ, ಯಾವ ಜಾಗದ ಮಾದರಿಯಲ್ಲಿ ಬರುತ್ತದೆ ಎಂಬುದು ಹೆಚ್ಚು ಹೇಳುತ್ತದೆ. ಬೆಳಗ್ಗೆ ಯಂತ್ರ ಆರಂಭವಾದ ಮೊದಲ ಮಾದರಿಗಳಲ್ಲಿ ಮಾತ್ರ ಬಂದರೆ, ಉಷ್ಣತೆ ಸಾಲದಾದಾಗ ಹಾಲನ್ನು ಹಿಂದಕ್ಕೆ ತಿರುಗಿಸಬೇಕಾದ ಫ್ಲೋ ಡೈವರ್ಷನ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ ಅಥವಾ ಅದರ ಉಷ್ಣತಾ ಸಂವೇದಕ ತಪ್ಪು ಓದುತ್ತಿದೆ. ದಿನವಿಡೀ ಮಿತಿಯ ಆಸುಪಾಸಿನಲ್ಲಿ ತೆಳುವಾಗಿ ಬರುತ್ತಿದ್ದು, ಕಾವಿನ ಚಾರ್ಟಿನಲ್ಲಿ ಯಾವ ಏರುಪೇರೂ ಕಾಣದಿದ್ದರೆ, ಹಸಿ ಹಾಲೂ ಕಾದ ಹಾಲೂ ಎದುರುಬದುರು ಹರಿಯುವ ರೀಜನರೇಟರಿನ ಫಲಕಗಳಲ್ಲಿ ಸೂಜಿಮೊನೆಯಷ್ಟು ರಂಧ್ರವೋ ಸವೆದ ಗ್ಯಾಸ್ಕೆಟ್ಟೋ ಇರಬಹುದು. ಕಾದ ಹಾಲಿನ ಕಡೆಯ ಒತ್ತಡ ಯಾವಾಗಲೂ ಹಸಿ ಹಾಲಿನ ಕಡೆಗಿಂತ ಹೆಚ್ಚಿರಬೇಕು. ಹಾಗಿದ್ದಾಗ ಸೋರಿಕೆಯಾದರೂ ಕಾದ ಹಾಲು ಹಸಿಯತ್ತ ಹೋಗುತ್ತದೆ. ಈ ಒತ್ತಡದ ವ್ಯತ್ಯಾಸ ತಿರುಗುಮುರುಗಾಗಿದೆಯೇ ಎಂದು ಗೇಜುಗಳಲ್ಲಿ ನೋಡಬೇಕು. ಪಾಶ್ಚರೈಸರಿನಿಂದ ಹೊರಬಂದ ಕೂಡಲೇ ತೆಗೆದ ಮಾದರಿ ನೆಗೆಟಿವ್ ಇದ್ದು, ಒಂದು ಸಂಗ್ರಹ ತೊಟ್ಟಿಯಿಂದ ತೆಗೆದದ್ದು ಮಾತ್ರ ಪಾಸಿಟಿವ್ ಬಂದರೆ, ಆ ತೊಟ್ಟಿಗೆ ಹಸಿ ಹಾಲಿನ ಕೊಳವೆ ಎಲ್ಲಿಯಾದರೂ ಕೂಡುತ್ತದೆಯೇ, ನಡುವಿನ ವಾಲ್ವ್ ಸೋರುತ್ತಿದೆಯೇ ಎಂದು ಕೊಳವೆಯನ್ನು ಕಣ್ಣಾರೆ ಹಿಂಬಾಲಿಸಿ ನೋಡಬೇಕು. ಆದ್ದರಿಂದ ಸಂಶಯ ಬಂದ ದಿನ ಮಾದರಿಗಳನ್ನು ಕನಿಷ್ಠ ಪಾಶ್ಚರೈಸರಿನ ಹೊರದಾರಿ, ಸಂಗ್ರಹ ತೊಟ್ಟಿ ಮತ್ತು ತುಂಬಿದ ಪೊಟ್ಟಣ ಈ ಮೂರು ಕಡೆಗಳಿಂದ ತೆಗೆದು, ಪ್ರತಿಯೊಂದರ ಮೇಲೂ ಹೊತ್ತನ್ನು ಬರೆದು, ಪ್ರಯೋಗಾಲಯ ಮುಟ್ಟುವವರೆಗೆ ತಣ್ಣಗಿಟ್ಟು ತರಬೇಕು. ರಿಜಿಸ್ಟರಿನಲ್ಲಿ ಮಾದರಿಯ ಫಲಿತಾಂಶದ ಸಾಲಿನಲ್ಲಿಯೇ ಆ ದಿನದ ನಾಲ್ಕು ಕಂಟ್ರೋಲ್ ಟ್ಯೂಬುಗಳ ಶೂನ್ಯ ಮತ್ತು 120 ನಿಮಿಷದ ಓದನ್ನೂ, ಸಬ್‌ಸ್ಟ್ರೇಟ್ ಕರಗಿಸಿದ ದಿನಾಂಕವನ್ನೂ ಬರೆಯಬೇಕು.